ಖಾಲಿ ನಳಿಕೆಯ ನೀರಮ್ಮ

“ಬೇಗ ಕಣೇ, ಇನ್ನೂ ಮೂರು ಬಾಕಿ.”

ಗಿಣಿ ದಾರದ ತುದಿಯನ್ನು ಬಾಯಿಗಿಟ್ಟು ತೇವ ಮಾಡಿದಳು, ಎರಡು ತುಟಿಗಳ ನಡುವೆ ಚೂಪಾಗಿ ಎಳೆದಳು, ಸೂಜಿಯ ಕಣ್ಣಿಗೆ ತೂರಿಸಿದಳು. ಅಜ್ಜಿ ಅದನ್ನು ಬೆರಳಿಂದ ತಡವಿ ನೋಡಿ ಬಟ್ಟೆಯ ಉಂಡೆಗೆ ಚುಚ್ಚಿದಳು. ಹೊರಗೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು.

“ಅಮ್ಮ ಬಂದ್ಲು!”

“ದಾರ ಮುಚ್ಚಿಡು. ಪುಸ್ತಕ ತೆಗಿ. ಏನು ಓದ್ತಿದ್ದೆ ಅಂತ ಕೇಳಿದ್ರೆ?”

“ವಿಜ್ಞಾನ.”

“ಎಷ್ಟನೇ ಪಾಠ?”

“ಅಷ್ಟೆಲ್ಲಾ ಅಮ್ಮ ಕೇಳಲ್ಲ ಅಜ್ಜಿ.”

ಆ ಮನೆಯಲ್ಲಿ ಒಂದು ಗುಟ್ಟಿತ್ತು, ಅದು ಇಬ್ಬರಿಗೇ ಗೊತ್ತಿತ್ತು. ಒಬ್ಬಳಿಗೆ ಅರವತ್ತೆಂಟು, ಇನ್ನೊಬ್ಬಳಿಗೆ ಒಂಬತ್ತು. ಬೀದಿಯವರೆಲ್ಲ ಹೊಲಿಗೆಯಮ್ಮ ಎಂದು ಕರೆಯುತ್ತಿದ್ದ ಆ ಹೆಂಗಸಿನ ನೋಟದ ನಟ್ಟನಡುವೆ ಒಂದು ವರ್ಷದಿಂದ ಬೂದು ಬಣ್ಣದ ಕಲೆಯೊಂದು ಬಂದು ಕೂತಿತ್ತು. ಎದುರಿಗೆ ನಿಂತವರ ಕಿವಿ ಕಾಣುತ್ತಿತ್ತು, ಮೂಗು ಕಾಣುತ್ತಿರಲಿಲ್ಲ. ತಟ್ಟೆಯ ಅಂಚು ಕಾಣುತ್ತಿತ್ತು, ಅನ್ನ ಕಾಣುತ್ತಿರಲಿಲ್ಲ. ಒಬ್ಬಳೇ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದಳು. “ಇದಕ್ಕೆ ಆಪರೇಷನ್ ಇಲ್ಲಮ್ಮ, ಉಳಿದಿರೋದನ್ನ ಜೋಪಾನ ಮಾಡ್ಕೊಳ್ಳಿ” ಎಂದಿದ್ದರು. ಮಷೀನಿನ ಮೇಲೆ ಬಟ್ಟೆ ಓಡಿಸಲು ಅವಳಿಗೆ ಕಣ್ಣೇ ಬೇಕಿರಲಿಲ್ಲ, ನಲವತ್ತು ವರ್ಷ ಪಳಗಿದ ಬೆರಳಿದ್ದವು. ಸೂಜಿಗೆ ದಾರ ಪೋಣಿಸುವ ಹೊತ್ತಿಗೆ ಮಾತ್ರ ಬೆರಳು ಸೋಲುತ್ತಿತ್ತು. ಅದನ್ನು ಕಂಡುಹಿಡಿದವಳು ಗಿಣಿ. ಅಂದಿನಿಂದ ಶಾಲೆಯಿಂದ ಬಂದ ಕೂಡಲೇ ಹನ್ನೆರಡು ಸೂಜಿ ಪೋಣಿಸಿ ಇಡುವುದು ಅವಳ ಕೆಲಸ. ಹೆಸರಿಗೆ ಗಿಣಿ, ಬಾಯಿಗೆ ಬೀಗ.

ಯಾಕೆ ಈ ಗುಟ್ಟು ಅಂದರೆ, ಮಗ ಹಿಂದೊಮ್ಮೆ ಊಟಕ್ಕೆ ಕೂತಾಗ ಹೇಳಿಬಿಟ್ಟಿದ್ದ: “ಅಮ್ಮಾ, ನಿನ್ನ ಕಣ್ಣು ಕೈಕೊಟ್ಟ ದಿನ ಈ ಮಷೀನು ಆಚೆಗೆ.” ಅವನು ಕಟುಕನೇನಲ್ಲ. ದೊಡ್ಡ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುವವನು, ಜಾಗದ ಬೆಲೆ ಬಲ್ಲವನು. ಇದ್ದದ್ದು ಎರಡು ಕೋಣೆ, ಒಂದು ಒಳ್ಳೆಯ ಕಿಟಕಿ. ಆ ಕಿಟಕಿಯ ಕೆಳಗೆ ಮಷೀನು. ಗಿಣಿ ನೆಲದ ಮೇಲೆ ಬಗ್ಗಿಕೊಂಡು ಓದುತ್ತಿದ್ದಳು.

ಸೊಸೆ ಒಳಗೆ ಬಂದು, ಬ್ಯಾಗನ್ನು ಮೊಳೆಗೆ ಹಾಕಿ, ಬಟಾಣಿಯ ಬುಟ್ಟಿ ಎಳೆದುಕೊಂಡು ಅತ್ತೆಯ ಎದುರು ಕೂತಳು. ಅವಳು ಡಿ.ಎನ್.ಎ. ಪರೀಕ್ಷೆಯ ಲ್ಯಾಬಿನಲ್ಲಿ ತಂತ್ರಜ್ಞೆ. ಯಾವ ಮೂಳೆ ಯಾರದ್ದು, ಕಾಣೆಯಾದವರು ಯಾರ ಮನೆಯವರು ಎಂದು ಹೇಳುವ ಲ್ಯಾಬು. ಅಲ್ಲಿನವರು ತೊಡುವ ಉದ್ದನೆಯ ಬಿಳಿ ಕೋಟುಗಳನ್ನು ಹೊಲಿಯುವ ಕೆಲಸವನ್ನು ತಿಂಗಳ ಹಿಂದೆ ಅತ್ತೆಗೆ ಕೊಡಿಸಿದ್ದೂ ಅವಳೇ. ರೆಡಿಮೇಡ್ ಅಂಗಡಿಗಳು ಬೀದಿಯ ಗಿರಾಕಿಗಳನ್ನೆಲ್ಲ ನುಂಗಿದ ಮೇಲೆ ಹೊಲಿಗೆಯಮ್ಮನಿಗೆ ಉಳಿದಿದ್ದದ್ದು ಅದೊಂದೇ. ಅದಕ್ಕೇ ಅವಳು ಮುಂಗೈ ಪಟ್ಟಿಯನ್ನು ಮಷೀನಿಗೆ ಕೊಡದೆ ಕೈಯಲ್ಲೇ ಮುಗಿಸುತ್ತಿದ್ದಳು. ಎಳೆ ಕಾಣದ ಹೊಲಿಗೆ.

“ಅತ್ತೆ, ನಮ್ಮ ಲ್ಯಾಬಿಗೆ ಒಬ್ಬಳು ಬಂದು ಸೇರ್ಕೊಂಡಿದಾಳೆ,” ಅಂದಳು ಸೊಸೆ. “ನೀರಮ್ಮ ಅಂತ ಹೆಸರಿಟ್ಟಿದೀವಿ.”

“ಹೊಸ ಕೆಲಸದವಳಾ?”

“ಹೆಂಗಸು ಅನ್ನೋದು ಬಿಟ್ಟು ಬೇರೇನೂ ಗೊತ್ತಿಲ್ಲ. ನೀರಲ್ಲಿ ಬರ್ತಾಳೆ.”

ಗಿಣಿ ಪುಸ್ತಕದಿಂದ ತಲೆ ಎತ್ತಿದಳು. “ದೆವ್ವಾನಾ?”

“ಒಂಥರಾ. ನೋಡಿ ಅತ್ತೆ, ನಾವು ಪರೀಕ್ಷೆಗೆ ಎಷ್ಟು ನಳಿಕೆ ಇಟ್ರೂ ಕೊನೇಲಿ ಒಂದು ಖಾಲಿ ನಳಿಕೆ ಇಡ್ತೀವಿ. ಅದರಲ್ಲಿ ಬರೀ ನೀರು. ಯಾರ ಡಿ.ಎನ್.ಎ.ಯೂ ಇರಬಾರದು.”

ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತಿದ್ದ ಮಗ ಕೇಳಿದ: “ಏನೂ ಇಲ್ಲದ್ದನ್ನ ಯಾಕೆ ಪರೀಕ್ಷೆ ಮಾಡ್ತೀರಿ?”

“ಏನೂ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೆ.”

“ಅದಕ್ಕೆ ಸಂಬಳ ಬೇರೆ.”

“ನಗಬೇಡಿ. ಮೂರು ವಾರದಿಂದ ಆ ನೀರಲ್ಲಿ ಇವಳು ಸಿಗ್ತಿದಾಳೆ. ಒಂದೇ ಹೆಂಗಸು. ನೀರು ಶುದ್ಧ ಇಲ್ಲ ಅಂದ್ಮೇಲೆ ಅವತ್ತಿನ ಯಾವ ಫಲಿತಾಂಶಾನೂ ಕೊಡೋ ಹಾಗಿಲ್ಲ. ಹದಿನೇಳು ಮನೆಯವರು ಕಾಯ್ತಾ ಕೂತಿದಾರೆ. ನಮ್ಮ ಎಲ್ಲರದ್ದೂ ಹೋಲಿಸಿ ನೋಡಿದ್ರು, ಒಬ್ಬರದ್ದೂ ಹೊಂದಲಿಲ್ಲ. ಈ ತಿಂಗಳ ಕೊನೆಗೆ ನಮ್ಮ ಕರಾರು ಮುಗಿಯುತ್ತೆ. ಅಷ್ಟರೊಳಗೆ ನೀರಮ್ಮ ಸಿಗದಿದ್ರೆ ಯಾರನ್ನೂ ಮುಂದುವರಿಸಲ್ಲ ಅಂದಿದಾರೆ ಮುಖ್ಯಸ್ಥರು.”

“ಯಾವಳೋ ಗಲೀಜು ಹೆಂಗಸು,” ಅಂದಳು ಹೊಲಿಗೆಯಮ್ಮ, ಬಟಾಣಿ ಸುಲಿಯುತ್ತಾ. “ಕೈ ತೊಳೆಯದೆ ಬರ್ತಾಳೆ, ಇನ್ನೊಬ್ಬರ ಅನ್ನಕ್ಕೆ ಕಲ್ಲು ಹಾಕ್ತಾಳೆ.”

ಮುಂದಿನ ಹತ್ತು ದಿನ ನೀರಮ್ಮ ಮನೆಯವಳೇ ಆಗಿಬಿಟ್ಟಳು. ನಲ್ಲಿಯಲ್ಲಿ ನೀರು ನಿಂತರೆ, “ನೀರಮ್ಮ ಮುನಿಸ್ಕೊಂಡಿದಾಳೆ” ಎಂದು ಮಗ ನಗುತ್ತಿದ್ದ. ಮೊಟ್ಟೆ ಒಂದು ಕಡಿಮೆಯಾದರೆ ನೀರಮ್ಮನೇ ತಿಂದದ್ದು. ಹೊಲಿಗೆಯಮ್ಮ ದಿನಾ ಸಂಜೆ, “ಸಿಕ್ಕಿದಳಾ ನಿಮ್ಮ ಗಲೀಜು?” ಎಂದು ಕೇಳುತ್ತಿದ್ದಳು. ಸೊಸೆ ಮೊದಮೊದಲು ನಗುತ್ತಿದ್ದವಳು ಆಮೇಲೆ ನಗುವುದನ್ನು ಬಿಟ್ಟಳು.

ಒಂದು ದಿನ ಮಧ್ಯಾಹ್ನವೇ ಬಂದಳು. ಕೈಯಲ್ಲಿ ಒಂದು ತೋಳು ಕತ್ತರಿಸಿದ ಬಿಳಿ ಕೋಟು. ಮಗನಿಗೆ ಅಂದು ರಜೆ, ಆಲೂಗಡ್ಡೆ ಹೆಚ್ಚುತ್ತಿದ್ದ.

“ಇದೇನೇ ಇದು! ನಾನು ಹೊಲಿದ ಕೋಟನ್ನ ಯಾರು ಹೀಗೆ ಕೊಂದಿದ್ದು?”

“ಅತ್ತೆ, ಇದು ಪೊಟ್ಟಣ ಒಡೆಯದ ಹೊಸ ಕೋಟು. ಯಾರೂ ಹಾಕ್ಕೊಂಡಿಲ್ಲ. ಎಲ್ಲಾ ಕಡೆ ಹುಡುಕಿ ಕೊನೆಗೆ ಇದರ ಮುಂಗೈ ಪಟ್ಟಿಯ ದಾರ ತೆಗೆದು ನೋಡಿದ್ವಿ. ನೀರಮ್ಮ ಅಲ್ಲೇ ಕೂತಿದಾಳೆ. ತುಂಬಿ ತುಳುಕ್ತಿದಾಳೆ.”

ಹೊಲಿಗೆಯಮ್ಮನಿಗೆ ತಲೆಬುಡ ಅರ್ಥವಾಗಲಿಲ್ಲ. “ದಾರದಲ್ಲಾ? ನೀರಲ್ಲಿ ಅಂದಿದ್ದೆಯಲ್ಲ?”

“ಕೋಟು ಹಾಕ್ಕೊಂಡು ಕೆಲಸ ಮಾಡುವಾಗ ದಾರದಿಂದ ನೀರಿಗೆ ಉದುರಿದಾಳೆ. ಸೂಜಿ ಪೋಣಿಸುವಾಗ ದಾರ ಬಾಯಲ್ಲಿ ಒದ್ದೆ ಮಾಡ್ಕೊಳ್ತೀರಾ?”

ಹೊಲಿಗೆಯಮ್ಮ ಕೋಟಿನ ಕತ್ತರಿಸಿದ ತೋಳನ್ನು ಎರಡು ಬಾರಿ ಸವರಿದಳು. ಇಲ್ಲ ಅಂದರೆ, ಮತ್ಯಾರು ಎಂಬ ಪ್ರಶ್ನೆ ಬರುತ್ತದೆ. ಹೂಂ ಅಂದರೆ ತಾನು ಗಲೀಜು.

“ಹೂಂ,” ಅಂದಳು. “ಎಲ್ಲಾ ದರ್ಜಿಗಳೂ ಮಾಡ್ತಾರೆ.”

ಮಗ ಚಾಕು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. “ಹತ್ತು ದಿನದಿಂದ ಬೈದಿದ್ದೇ ಬೈದಿದ್ದು! ಅಮ್ಮಾ, ನೀರಮ್ಮ ನೀನೇನಾ?”

“ನಗ್ತಾ ಇರು ನೀನು. ನನ್ನ ಎಂಜಲು ಅಂತ ಲ್ಯಾಬಿನವರೆಲ್ಲ ಮಾತಾಡ್ಕೊಂಡಿರ್ತಾರೆ.”

“ಎಂಜಲು ಅಂತ ಯಾರೂ ಅನ್ನಲ್ಲ ಅತ್ತೆ. ಲಾಲಾರಸ ಅಂತ ಬರೀತಾರೆ.”

“ಏನು ಬರೆದ್ರೇನು? ನಲವತ್ತು ವರ್ಷ ಊರಿಗೆಲ್ಲ ಎಂಜಲು ತೊಡಿಸಿದೆ ಅಂತ ಆಯ್ತಲ್ಲ!”

“ನೀವು ಒಂದು ಸಲ ಬಂದು ಕೆನ್ನೆ ಒಳಗಿನ ಮಾದರಿ ಕೊಡಬೇಕು. ಹತ್ತಿ ಕಡ್ಡಿ, ಎರಡು ನಿಮಿಷ. ನೀರಮ್ಮ ನೀವೇ ಅಂತ ಗೊತ್ತಾದ್ರೆ ಕೋಟು ತಂದುಕೊಟ್ಟ ನನ್ನ ಮೇಲಿನ ಅನುಮಾನ ಹೋಗುತ್ತೆ. ಕೆಲಸ ಉಳಿಯುತ್ತೆ.”

“ಒಪ್ಕೊಂಡೆನಲ್ಲ, ಬಾಯಿ ಮಾತು ಸಾಲದಾ?”

“ಬಾಯಿ ಮಾತು ಸಾಲಲ್ಲ, ಬಾಯೇ ಬೇಕು.”

ಸೊಸೆ ಚಹಾ ಇಡಲು ಒಳಗೆ ಹೋದಳು. ಹೊಲಿಗೆಯಮ್ಮ ಮಗನ ಹತ್ತಿರ ಸರಿದು ದನಿ ತಗ್ಗಿಸಿ ಕೇಳಿದಳು: “ಅಲ್ಲ ಕಣೋ, ಈ ಡಿ.ಎನ್.ಎ. ಅನ್ನೋದು ಒಂದೇ ಮನೆಯವರದ್ದೆಲ್ಲ ಒಂದೇ ಥರ ಇರುತ್ತಾ?”

ಮಗನಿಗೆ ಲಿಫ್ಟಿನ ವಿಷಯ ಎಷ್ಟು ಗೊತ್ತಿತ್ತೋ ಅಷ್ಟೇ ಧೈರ್ಯದಿಂದ ಗೊತ್ತಿಲ್ಲದ ವಿಷಯವನ್ನೂ ಹೇಳುವ ಅಭ್ಯಾಸ. “ಮತ್ತೆ? ಒಂದೇ ರಕ್ತ. ಒಂದೇ ಟ್ಯಾಂಕು, ನಾಲ್ಕು ನಲ್ಲಿ. ಬೇರೆ ಬೇರೆ ನೀರು ಹೇಗೆ ಬರುತ್ತೆ?”

ಅವಳಿಗೆ ಅಷ್ಟು ಸಾಕಾಯಿತು. ಮೊಮ್ಮಗಳ ಎಂಜಲಾದರೇನು, ತನ್ನ ಎಂಜಲಾದರೇನು, ಟ್ಯಾಂಕು ಒಂದೇ. “ನಾಳೆನೇ ಬರ್ತೀನಿ,” ಎಂದು ಒಳಗೆ ಕೂಗಿ ಹೇಳಿದಳು.

ಲ್ಯಾಬಿನ ಕೋಣೆ ತಣ್ಣಗಿತ್ತು, ಕಿಟಕಿಯಿರಲಿಲ್ಲ. ಸೊಸೆ ಮಾದರಿಯನ್ನು ಮುಟ್ಟುವ ಹಾಗಿರಲಿಲ್ಲ, ಆದ್ದರಿಂದ ಉದ್ದ ಜಡೆಯ ಹುಡುಗಿಯೊಬ್ಬಳು ಹತ್ತಿ ಕಡ್ಡಿಯನ್ನು ಕೆನ್ನೆಯ ಒಳಗೆ ಉಜ್ಜಿದಳು. ಆಚೆ ಮೂಲೆಯಲ್ಲಿ ಪೆಟ್ಟಿಗೆಯಂಥ ಯಂತ್ರವೊಂದು ಗುಂಯ್‌ಗುಡುತ್ತಿತ್ತು.

“ಅದೇನು?”

“ನಕಲು ಮಾಡೋ ಯಂತ್ರ ಅತ್ತೆ,” ಅಂದಳು ಸೊಸೆ. “ಡಿ.ಎನ್.ಎ. ಅಂದ್ರೆ ಎರಡೆಳೆ ಹುರಿ ಮಾಡಿದ ದಾರ ಇದ್ದ ಹಾಗೆ. ಬಿಸಿ ಮಾಡಿದ್ರೆ ಎಳೆ ಬಿಚ್ಕೊಳ್ಳುತ್ತೆ. ತಣ್ಣಗೆ ಮಾಡಿದ್ರೆ ಒಂದೊಂದು ಎಳೆಗೂ ಹೊಸ ಜೊತೆ ಬೆಳೆಯುತ್ತೆ. ಒಂದು ಎರಡಾಯ್ತು. ಮತ್ತೆ ಬಿಸಿ, ಮತ್ತೆ ತಣ್ಣಗೆ. ಎರಡು ನಾಲ್ಕು, ನಾಲ್ಕು ಎಂಟು. ಹೀಗೆ ಮೂವತ್ತು ಸಲ.”

“ಮೂವತ್ತು ಸಲಕ್ಕೆ ಎಷ್ಟಾಗುತ್ತೆ?”

“ಒಂದು ಇದ್ದದ್ದು ನೂರು ಕೋಟಿ ದಾಟುತ್ತೆ.”

“ಅಯ್ಯಯ್ಯೋ! ಒಂದು ಹನಿ ಎಂಜಲಿಗೆ ಇಷ್ಟು ವೈಭವವಾ?”

“ಅದಕ್ಕೇ ಭಯ. ಕಣ್ಣಿಗೆ ಕಾಣದ ಚೂರು ಬಿದ್ರೂ ಯಂತ್ರ ಅದನ್ನ ಮೆರವಣಿಗೆ ಮಾಡಿಬಿಡುತ್ತೆ.”

ಮುಖ್ಯಸ್ಥರು ಬಂದರು. ಹೊಲಿಗೆಯಮ್ಮನಿಗೆ ಅವರ ಎರಡು ಕಿವಿ, ಬೋಳು ತಲೆಯ ಮೇಲೊಂದು ದೀಪದ ಹೊಳಪು ಕಂಡಿತು. “ನಿಮ್ಮ ಕೈ ಹೊಲಿಗೆ ತುಂಬಾ ಚೆನ್ನಾಗಿದೆ ಅಮ್ಮಾ,” ಎಂದರು ಆ ಕಿವಿಗಳ ನಡುವಿನಿಂದ. “ಮಷೀನಿನಲ್ಲಿ ಹೊಲಿದಿದ್ರೆ ಇಷ್ಟೆಲ್ಲ ಆಗ್ತಾ ಇರಲಿಲ್ಲ.” ಹೊಗಳಿದ್ದೋ ಬೈದದ್ದೋ ಅವಳಿಗೆ ಗೊತ್ತಾಗಲಿಲ್ಲ. ಒಂದು ಕಾಗದ ಮುಂದಿಟ್ಟರು. ಸಹಿ ಹಾಕಿದಳು. ಸಹಿ ಗೆರೆ ಬಿಟ್ಟು ಎರಡು ಬೆರಳು ಮೇಲೆ, ಅಚ್ಚಾದ ಅಕ್ಷರಗಳ ಮೇಲೇ ಕೂತಿತು. ಸೊಸೆ ಆ ಸಹಿಯನ್ನು ಬಗ್ಗಿ ನೋಡಿದಳು.

ನಾಲ್ಕು ದಿನ ಕಳೆದು ಸೊಸೆ ಮನೆಗೆ ಬಂದಾಗ ಬ್ಯಾಗನ್ನು ಮೊಳೆಗೆ ಹಾಕಲಿಲ್ಲ, ನೆಲಕ್ಕೆ ಬಿಟ್ಟಳು. ಊಟಕ್ಕೆ ಬಡಿಸಿದಳು. ಎಲ್ಲರ ತಟ್ಟೆಗೂ ಎರಡೆರಡು ಬಾರಿ ಉಪ್ಪು ಹಾಕಿದಳು.

“ಅತ್ತೆ,” ಅಂದಳು. “ನೀರಮ್ಮ ನೀವಲ್ಲ.”

“ನಾನಲ್ವಾ?” ಹೊಲಿಗೆಯಮ್ಮನಿಗೆ ಸಿಟ್ಟೇ ಬಂತು. “ನಾನೇ ಕಣೇ! ನನ್ನ ಬಾಯಿ ನನಗೆ ಗೊತ್ತಿಲ್ವಾ?”

“ಹೊಂದಲಿಲ್ಲ.”

“ಇನ್ನೊಂದು ಸಲ ಕಡ್ಡಿ ಹಾಕಿ ನೋಡಿ. ಅವತ್ತು ಚಹಾ ಕುಡಿದು ಬಂದಿದ್ದೆ.”

ಮಗ ಉಪ್ಪಿನ ತುತ್ತನ್ನು ನುಂಗಲಾರದೆ ನೀರು ಕುಡಿದ. “ಕಳ್ಳಿ ಅಲ್ಲ ಅಂದ್ರೂ ಕಳ್ಳಿ ನಾನೇ ಅಂತ ಹಟ ಹಿಡಿಯೋರನ್ನ ಇವತ್ತೇ ನೋಡಿದ್ದು.”

ಸೊಸೆ ಬ್ಯಾಗಿನಿಂದ ಒಂದು ಹಾಳೆ ತೆಗೆದು ಹರಡಿದಳು. ಅದರ ತುಂಬಾ ಚೂಪು ಚೂಪು ಗುಡ್ಡದಂಥ ಗೆರೆಗಳು. “ನಾವು ನೋಡೋ ಒಂದೊಂದು ಜಾಗದಲ್ಲೂ ಎಲ್ಲರಿಗೂ ಎರಡೆರಡು ಸಂಖ್ಯೆ ಇರುತ್ತೆ. ಒಂದು ಅಮ್ಮನಿಂದ, ಒಂದು ಅಪ್ಪನಿಂದ. ನೀರಮ್ಮನ ಸಂಖ್ಯೆ ನಿಮ್ಮದಕ್ಕೆ ಕೆಲವು ಕಡೆ ಒಂದು ಸಿಗುತ್ತೆ, ಕೆಲವು ಕಡೆ ಇಲ್ಲವೇ ಇಲ್ಲ. ಆದ್ರೆ ನಿಮ್ಮದನ್ನ ಪಕ್ಕದಲ್ಲಿಟ್ಟು ನೋಡ್ತಿದ್ದಾಗ ಕೆಳಗಿನ ಸಾಲಲ್ಲಿ ನನ್ನದೂ ಇತ್ತು.” ಅವಳು ನಿಲ್ಲಿಸಿದಳು. “ಒಂದು ಜಾಗಾನೂ ಬಿಡದೆ, ಎಲ್ಲಾ ಕಡೆ ಒಂದು ಸಂಖ್ಯೆ ನನ್ನದು.”

“ಒಂದೇ ಟ್ಯಾಂಕು ಅಂದೆಯಲ್ಲೋ!” ಹೊಲಿಗೆಯಮ್ಮ ಮಗನ ಮೇಲೆ ಹರಿಹಾಯ್ದಳು.

“ಯಾವ ಟ್ಯಾಂಕು?” ಎಂದಳು ಸೊಸೆ.

“ಏನಿಲ್ಲ,” ಎಂದ ಮಗ. “ಹಾಗಾದ್ರೆ ನೀರಮ್ಮ ಯಾರು?”

“ಎಲ್ಲಾ ಕಡೆ ಅರ್ಧ ನನ್ನದು ಅಂದ್ರೆ ಒಂದೋ ನನ್ನಮ್ಮ, ಇಲ್ಲಾ ನನ್ನ ಮಗಳು. ನಮ್ಮಮ್ಮ ಹೋಗಿ ಆರು ವರ್ಷ ಆಯ್ತು. ಮುಖ್ಯಸ್ಥರು ಕರೆದು ಕೇಳಿದ್ರು, ಮಗಳನ್ನ ಲ್ಯಾಬಿಗೆ ಕರ್ಕೊಂಡು ಬಂದು ಕೋಟು ಕೊಟ್ಟು ಆಡಿಸಿದ್ಯಾ ಅಂತ. ಇಲ್ಲ ಅಂದೆ. ನಂಬಲಿಲ್ಲ. ನೂಲಿನಂತೆ ಸೀರೆ ತಾಯಿಯಂತೆ ಮಗಳು ಅಂತಾರಲ್ಲ, ಇಲ್ಲಿ ನೂಲೇ ಸಾಕ್ಷಿ ಹೇಳ್ತಿದೆ ಅಂದ್ರು. ನಾಳೆ ಉತ್ತರ ಕೊಡದಿದ್ರೆ ನಾಳಿದ್ದು ಬರಬೇಡ ಅಂದಿದಾರೆ.”

ಎಲ್ಲರೂ ಗಿಣಿಯ ಕಡೆ ತಿರುಗಿದರು. ಗಿಣಿ ತಟ್ಟೆ ನೋಡುತ್ತಿದ್ದಳು.

“ನನ್ನ ಕೋಟು ಮುಟ್ಟಿದ್ಯಾ?”

ಗಿಣಿ ಒಂದು ಅಗುಳನ್ನು ತಟ್ಟೆಯ ಅಂಚಿಗೆ ತಳ್ಳಿದಳು.

“ಪೊಟ್ಟಣದಲ್ಲಿದ್ದ ಹೊಸ ಕೋಟುಗಳನ್ನ? ಬಾಯಿಗೆ ಇಟ್ಕೊಂಡ್ಯಾ? ಆಟ ಆಡಿದ್ಯಾ? ಹೇಳೇ!”

“ಇಲ್ಲ.”

“ಸುಳ್ಳು. ಇಲ್ಲಿ ಬರೆದಿದೆ ನೋಡು, ನೀನೇ ಅಂತ. ನಿನ್ನಿಂದ ನನ್ನ ಅನ್ನ ಹೋಗ್ತಿದೆ, ಗೊತ್ತಾ?” ಸೊಸೆ ಮಗಳ ತೋಳು ಹಿಡಿದು ಎಳೆದಳು. ಗಿಣಿಯ ತಟ್ಟೆ ಮಗುಚಿತು. ಅವಳು ಅಜ್ಜಿಯ ಕಡೆ ನೋಡಲಿಲ್ಲ. ನೋಡದೇ ಇರಲು ಎಷ್ಟು ಕಷ್ಟಪಡುತ್ತಿದ್ದಳೆಂದರೆ ಕತ್ತು ನಡುಗುತ್ತಿತ್ತು. ಎದುರಿಗಿದ್ದ ಮಗುವಿನ ಮುಖ ಹೊಲಿಗೆಯಮ್ಮನಿಗೆ ಕಾಣದಿದ್ದರೂ ಆ ಕತ್ತು, ಅದರ ಪಕ್ಕದ ಜುಟ್ಟು ಕಂಡಿತು.

“ಬಿಡು ಅವಳನ್ನ,” ಅಂದಳು. “ನನಗೆ ಸೂಜಿಯ ಕಣ್ಣು ಕಾಣಲ್ಲ.”

ಸೊಸೆಗೆ ಮೊದಲು ತಿಳಿಯಲಿಲ್ಲ. “ಏನಂದ್ರಿ?”

“ದಿನಾ ಹನ್ನೆರಡು ಸೂಜಿ ಅವಳೇ ಪೋಣಿಸಿ ಕೊಡ್ತಾಳೆ. ಹೇಳಬೇಡ ಅಂತ ಆಣೆ ಹಾಕಿಸಿದ್ದು ನಾನು. ಅವಳ ತೋಳು ಬಿಡು.”

ಸೊಸೆ ತೋಳು ಬಿಟ್ಟಳು. ನೆಲದ ಮೇಲೆ ಚೆಲ್ಲಿದ್ದ ಅನ್ನವನ್ನು ಬಳಿಯತೊಡಗಿದಳು. ಬಳಿದದ್ದನ್ನೇ ಬಳಿದಳು.

“ಯಾವಾಗಿಂದ?” ಮಗ ಕೇಳಿದ.

“ಒಂದು ವರ್ಷ.”

“ನಾನು? ನಾನು ಕಾಣ್ತೀನಾ?”

“ನಿನ್ನ ಕಿವಿ ಕಾಣುತ್ತೆ. ನಿಮ್ಮಪ್ಪನ ಹಾಗೆ ದೊಡ್ಡದು, ಒಳ್ಳೇದೇ ಆಯ್ತು.”

ಗಿಣಿ ಅಳುತ್ತಲೇ ಅಪ್ಪನ ಕಿವಿ ನೋಡಿದಳು.

ಆಮೇಲಿನದ್ದೆಲ್ಲ ಬೇಗ ಬೇಗ ನಡೆಯಿತು. ಗಿಣಿಯ ಕೆನ್ನೆಗೂ ಹತ್ತಿ ಕಡ್ಡಿ ಬಿತ್ತು, ಎಲ್ಲಾ ಗುಡ್ಡಗಳೂ ಒಂದರ ಮೇಲೊಂದು ಕೂತವು. ಲ್ಯಾಬಿನಲ್ಲಿದ್ದ ಕೋಟುಗಳೆಲ್ಲ ಚೀಲಕ್ಕೆ ಹೋದವು. ಹದಿನೇಳು ಮನೆಯವರ ಪರೀಕ್ಷೆ ಮೊದಲಿನಿಂದ ಶುರುವಾಯಿತು. ಸೊಸೆಯ ಕರಾರು ಒಂದು ವರ್ಷ ಮುಂದುವರಿಯಿತು. ಇನ್ನು ಮೇಲೆ ಕೋಟು ಕಾರ್ಖಾನೆಯಿಂದ ಬರುತ್ತದೆ ಎಂದು ಮುಖ್ಯಸ್ಥರು ಕಾಗದ ಕಳಿಸಿದರು. ಕೆಳಗೆ ಕೈಬರಹದಲ್ಲಿ ಧನ್ಯವಾದ ಎಂದು ಬರೆದಿದ್ದರು. ಯಾತಕ್ಕೆ ಧನ್ಯವಾದ ಎಂದು ಹೊಲಿಗೆಯಮ್ಮ ಎರಡು ದಿನ ಕೇಳಿದಳು.

ಮನೆಯಲ್ಲಿ ಯಾರೂ ಮಷೀನಿನ ಮಾತೆತ್ತಲಿಲ್ಲ. ಅದರ ಬದಲು ಎಲ್ಲರೂ ಒಳ್ಳೆಯವರಾದರು. ಸೊಸೆ ತಟ್ಟೆ ಇಡುವಾಗ “ಪಲ್ಯ ಎಡಕ್ಕಿದೆ, ಅನ್ನ ಬಲಕ್ಕಿದೆ” ಎಂದು ಹೇಳತೊಡಗಿದಳು. ಮಗ ಕೈ ಹಿಡಿದು ಮೆಟ್ಟಿಲಿಳಿಸಿದ. ಆ ಮೆಟ್ಟಿಲನ್ನು ಅವಳು ಮೂವತ್ತು ವರ್ಷದಿಂದ ಇಳಿಯುತ್ತಿದ್ದಳು. ಪೇಪರಿನ ಸುದ್ದಿಯನ್ನು ಕಿವುಡರಿಗೆ ಓದುವ ಹಾಗೆ ಗಟ್ಟಿಯಾಗಿ ಓದಿ ಹೇಳಿದ.

“ನನಗೆ ಹೋಗಿರೋದು ಕಣ್ಣು ಕಣೋ, ಕಿವಿಯಲ್ಲ.”

“ಗೊತ್ತು ಅಮ್ಮಾ!” ಎಂದು ಇನ್ನೂ ಗಟ್ಟಿಯಾಗಿ ಹೇಳಿದ.

ಅವಳು ಬೆಳಿಗ್ಗೆ ಮಷೀನಿನ ಮುಂದೆ ಕೂರುತ್ತಿದ್ದಳು. ಒಂದು ದಿನ ಹಳೆಯ ದಿಂಬಿನ ಚೀಲದ ಬಾಯಿ ಹೊಲಿದಳು, ಮರುದಿನ ಬಿಚ್ಚಿದಳು. ಗಿಣಿ ಶಾಲೆಯಿಂದ ಬಂದು ಪಕ್ಕದಲ್ಲಿ ನಿಂತು ಕೇಳಿದಳು: “ಸೂಜಿ ಪೋಣಿಸಲಾ?” ಅಡುಗೆಮನೆಯಿಂದ ಸೊಸೆ, “ಬೇಡ ಪುಟ್ಟಾ, ಅಜ್ಜಿ ಇನ್ನು ಆರಾಮ ಮಾಡ್ಕೊಳ್ಳಲಿ” ಅಂದಳು. ಒಂದು ವಾರ ಕಳೆಯಿತು.

ಭಾನುವಾರ ಮಗ ಅಳತೆ ಪಟ್ಟಿ ತಂದು ಮಷೀನಿನ ಉದ್ದಗಲ ಅಳೆದ. ಹೊಲಿಗೆಯಮ್ಮ ಹಾಸಿಗೆಯ ಅಂಚಿಗೆ ಕೂತು ಅಳತೆ ಪಟ್ಟಿಯ ಸರ್ರೆನ್ನುವ ಸದ್ದು ಕೇಳಿದಳು.

“ಯಾರು ತಗೊಳ್ತಾರೆ?” ಕೇಳಿದಳು.

“ಯಾರೂ ಇಲ್ಲ. ಮಾರಲ್ಲ ಅಮ್ಮಾ. ನಾನು ಅವತ್ತು ಏನೋ ಅಂದಿದ್ದೆ, ಅದನ್ನ ಮರೆತುಬಿಡು.” ಅವನು ಪಕ್ಕದಲ್ಲಿ ಬಂದು ಕೂತ. “ಮಷೀನಿನ ತಲೆಯನ್ನ ಪೆಟ್ಟಿಗೆ ಒಳಗೆ ಮಡಚಿಬಿಡ್ತೀನಿ. ಮೇಲೆ ಒಳ್ಳೆ ಹಲಗೆ ಹಾಕಿಸ್ತೀನಿ, ಸುತ್ತ ಪಟ್ಟಿ ಹೊಡೆದು. ಗಿಣಿಗೆ ಓದೋ ಮೇಜೂ ಆಯ್ತು, ನಿನ್ನ ಮಷೀನು ನಿನ್ನ ಜಾಗದಲ್ಲೇ ಇದ್ದ ಹಾಗೂ ಆಯ್ತು. ಯಾವಾಗ ಬೇಕಾದ್ರೂ ಮುಟ್ಟಿ ನೋಡಬಹುದು.”

“ತುಂಬಾ ಚೆನ್ನಾಗಿರುತ್ತೆ ಅತ್ತೆ,” ಅಂದಳು ಸೊಸೆ, ಬಾಗಿಲಲ್ಲಿ ನಿಂತು. “ಇವರೇ ಯೋಚನೆ ಮಾಡಿದ್ದು.”

“ಹಲಗೆ ತೆಗೆದು ಹೊಲಿಯಬಹುದಾ?”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಅವಳಿಗೆ ಕಂಡದ್ದು ಎರಡು ತಲೆಗಳು ಒಂದರ ಕಡೆಗೊಂದು ತಿರುಗಿದ್ದು ಮಾತ್ರ.

“ಮೊಳೆ ಹೊಡೆದಿರ್ತಾರಲ್ಲ ಅಮ್ಮಾ. ಆದ್ರೆ ಇನ್ನು ಯಾಕೆ ಹೊಲೀಬೇಕು ಹೇಳು? ಸಾಕಷ್ಟು ದುಡಿದಿದೀಯ. ಮಷೀನು ಇರುತ್ತೆ, ಅಷ್ಟು ಸಾಲದಾ?”

ಗಿಣಿ ನೆಲದ ಮೇಲೆ ಬಗ್ಗಿ ಬರೆಯುತ್ತಿದ್ದವಳು ಪೆನ್ಸಿಲ್ ನಿಲ್ಲಿಸಿದಳು.

“ಬೇಡ,” ಅಂದಳು ಹೊಲಿಗೆಯಮ್ಮ.

“ಏನು ಬೇಡ?”

“ಹೊಲಿಯೋ ಹಾಗಿದ್ರೆ ಇರಲಿ. ಇಲ್ಲಾ ಅಂದ್ರೆ ನಾಳೆನೇ ಮಾರು. ಹಲಗೆ ಬೇಡ.”

“ಅಲ್ಲ ಅಮ್ಮಾ, ಮಗೂಗೆ ಮೇಜಾಗುತ್ತೆ...”

“ಬೇಡ ಅಂದೆನಲ್ಲ. ಮೊಳೆ ಹೊಡೆದು ಮುಚ್ಚಿದ ಮಷೀನನ್ನ ಮುಟ್ಟಿ ನೋಡ್ತಾ ಕೂರಲ್ಲ ನಾನು.”